ಹದಿನೆಂಟು ಮೆಟ್ಟಿಲಿನ ಬೆಸುಗೆ

ಮಿರ್ಚಿಯನ್ನು ಕಿವಿಯಿಂದ ಸವಿಯುವವರು ಇಡೀ ನ್ಯಾಮತಿಯಲ್ಲಿ ಒಬ್ಬರೇ ಒಬ್ಬರಿದ್ದಾರೆ. ಅವರು ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನನ್ನು ಕೈಹಿಡಿದವರು! ಇದು ಯಾರೋ ಹೇಳಿದ ಮಾತಲ್ಲ. ಆಧಾರವಿಲ್ಲದೆ ಒಂದು ವಾಕ್ಯವನ್ನೂ ಬರೆಯಬಾರದೆಂಬ ಸಂಶೋಧನೆಯ ಶಿಸ್ತು ನಿವೃತ್ತಿಯ ನಂತರವೂ ನನ್ನನ್ನು ಬಿಟ್ಟಿಲ್ಲ. ನಾನೇ ಪಕ್ಕದಲ್ಲಿ ನಿಂತು ಕಂಡಿದ್ದೇನೆ.

ಬಿತ್ತನೆ ಬೀಜದ ಅಂಗಡಿಯನ್ನು ತಮ್ಮನಿಗೆ ವಹಿಸಿ ನಿಶ್ಚಿಂತೆಯಿಂದಿದ್ದ ಅವರು ಈ ವರ್ಷ ಮನೆಗೊಂದು ಮಿಗ್ ವೆಲ್ಡಿಂಗ್ ಯಂತ್ರ ತಂದರು. ಯುಗಾದಿಯ ದಿನವೇ ತಂದೆನೆಂಬುದು ಅವರ ಹೇಳಿಕೆ. ಬಿಲ್ಲಿನ ತಾರೀಖನ್ನು ಪಂಚಾಂಗದೊಂದಿಗೆ ತಾಳೆ ನೋಡಿದೆ. ಯಂತ್ರ ಬಂದದ್ದು ಹಬ್ಬ ಕಳೆದ ಮೂರನೆಯ ದಿನ!

"ನಮ್ಮನ್ಯಾಗೆ ಹಬ್ಬ ತಡವಾಗಿ ಆತು ಅಂತ ಬರ್ಕಳ್ರಿ" ಎಂದರು. ಇಂಥವರೊಡನೆ ಯಾರು ವಾದಿಸಬೇಕು?

ಯಂತ್ರ ಬಂದದ್ದು ಸುಮ್ಮನಲ್ಲ. ಸಂಕ್ರಾಂತಿ ಕಳೆದ ಮೇಲೆ ಅವರ ಹೆಂಡತಿಯ, ಅಂದರೆ ನಮ್ಮ ಅಕ್ಕನ, ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಮನೆಯ ಹೊರಗೋಡೆಗೆ ಅಂಟಿಕೊಂಡು ಮಾಳಿಗೆಗೆ ಏರುವ ಹದಿನೆಂಟು ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿಯೇ ಇರಲಿಲ್ಲ. ಸಂಜೆಯಾದರೆ ಓಣಿಯ ಹೆಂಗಸರೆಲ್ಲ ತಂತಮ್ಮ ಮಾಳಿಗೆ ಹತ್ತಿ ಹರಟೆಗೆ ನಿಲ್ಲುವುದು ಅಲ್ಲಿಯ ವಾಡಿಕೆ. ಅಕ್ಕ ಅದರ ಅಘೋಷಿತ ಅಧ್ಯಕ್ಷೆ. ಈಗ ಅವರು ಕೆಳಗೆ ಕುಳಿತು, ಮೇಲಿನಿಂದ ತೇಲಿ ಬರುವ ನಗೆಗೆ ಕಾರಣವೇನಿರಬಹುದೆಂದು ಊಹಿಸುತ್ತಿದ್ದರು.

"ಪ್ಯಾಟಿ ವೆಲ್ಡಿಂಗ್ ಅಂಗಡಿಯೋರು ಅರ್ಧ ದಿನದಾಗೆ ಹಾಕಿ ಹೋಗ್ತಾರ್ರೀ" ಎಂದು ಅಕ್ಕ ಹೇಳಿ ನೋಡಿದರು.

"ಕಂಡೋರ ಬೆಸುಗೆ ನಂಬಿ ನಿನ್ನ ಮ್ಯಾಲೆ ಹತ್ತಿಸ್ಲಾ? ಮೂರು ದಿನ ತಡಿ, ನಾನೇ ಹಾಕ್ತೀನಿ!"

ಆ ಮೂರು ದಿನಗಳು, ನನ್ನ ದಿನಚರಿಯ ಪ್ರಕಾರ, ಆಷಾಢದವರೆಗೆ ನಡೆದವು.

ಮೊದಲನೆಯದು ಸದ್ದಿನ ಅಧ್ಯಯನ. ಈ ಯಂತ್ರದ ಟಾರ್ಚಿನ ಗುಂಡಿ ಒತ್ತಿದರೆ ತಂತಿ ತಾನಾಗಿ ಹೊರಬಂದು ಕರಗುತ್ತದೆ. ತಂತಿಯ ವೇಗಕ್ಕೂ ವೋಲ್ಟೇಜಿಗೂ ಹೊಂದಾಣಿಕೆಯಿದ್ದರೆ, ಕಾದ ಎಣ್ಣೆಯಲ್ಲಿ ಮಿರ್ಚಿ ಬಜ್ಜಿ ಬೇಯುವಂಥ ಸದ್ದು ಒಂದೇ ಸಮನೆ ಬರಬೇಕಂತೆ. ಅದು ಕಿವಿಯಲ್ಲಿ ನೆಲೆಯಾಗಲೆಂದು ಷಡ್ಡಕರು ಬಸ್ ನಿಲ್ದಾಣದ ಬಳಿಯ ಮಂಡಕ್ಕಿ ಅಂಗಡಿಗೆ ಹೋಗಿ, ಬಾಣಲೆಯ ಮುಂದೆ ಕಣ್ಣು ಮುಚ್ಚಿ ನಿಂತರು.

"ಎಷ್ಟು ಪ್ಲೇಟು ಕೊಡ್ಲಿ ಸಾಹುಕಾರ್ರೆ?"

"ತಿನ್ನಾಕೆ ಬಂದಿಲ್ಲಪ್ಪ, ಕೇಳಾಕೆ ಬಂದೀನಿ. ಇನ್ನೊಂದು ಒಬ್ಬೆ ಬಿಡು!"

ಅಂಗಡಿಯವನ ಮುಖ ನೋಡಲಾರದೆ ಎರಡು ಪ್ಲೇಟು ನಾನು ತಿನ್ನಬೇಕಾಯಿತು.

ಅನಂತರ ಯಂತ್ರದ ಆರೋಗ್ಯ. ಟಾರ್ಚಿನ ಮೂತಿಗೆ ಅಂಟಿದ ಲೋಹದ ಸಿಡಿಗಳನ್ನು ದಿನವೂ ಕೆರೆದು ತೆಗೆಯುತ್ತಿದ್ದರು. "ಮೂಗು ಕಟ್ಟಿದ್ರೆ ಗ್ಯಾಸು ಹೆಂಗೆ ಬರ್ತೈತ್ರೀ?" ತಮ್ಮ ಸ್ವಂತ ನೆಗಡಿಗೆ ಅವರು ಇದರ ಕಾಲುಭಾಗ ಮುತುವರ್ಜಿ ವಹಿಸಿದ್ದನ್ನು ಕಂಡವರಿಲ್ಲ! ಮುಂಗಾರು ಬಿದ್ದೊಡನೆ ತಂತಿಯ ಸುರುಳಿಗೆ ತುಕ್ಕು ಹಿಡಿಯುವ ಭಯ ಹತ್ತಿತು. ತುಕ್ಕು ಹಿಡಿದ ತಂತಿ ಕೊಳವೆಯೊಳಗೆ ಸಿಕ್ಕಿಕೊಳ್ಳುತ್ತದೆ, ನಿಜ. ಆದರೆ ತೇವ ಹೀರಲೆಂದು ಅದನ್ನು ಅಕ್ಕಿಯ ಡಬ್ಬಿಯಲ್ಲಿ ಹೂಳುವುದೆ? ಬೆಳಿಗ್ಗೆ ಅಕ್ಕ ಪಾವು ಇಳಿಸಿದರೆ ಠಣ್ ಎಂದಿತು.

"ಇದ್ನೂ ಬೇಯಿಸ್ಬೇಕೇನ್ರೀ?"

"ಬ್ಯಾಡ, ಅದ್ನ ನಾನೇ ಬೇಯಿಸ್ತೀನಿ."

ಎಲ್ಲಕ್ಕಿಂತ ದೊಡ್ಡ ಶತ್ರು ಗಾಳಿ. ಕಾದ ಲೋಹವನ್ನು ಸುತ್ತಲೂ ಹರಿಯುವ ಗ್ಯಾಸು ಕಾಪಾಡುತ್ತದೆ; ಗಾಳಿ ಬೀಸಿದರೆ ಗ್ಯಾಸು ಚದುರಿ ಬೆಸುಗೆಯಲ್ಲಿ ತೂತು ಬೀಳುತ್ತದೆ. ಆದ್ದರಿಂದ ಪಡಸಾಲೆಯಲ್ಲಿ ಅಭ್ಯಾಸ ನಡೆದಷ್ಟು ಕಾಲ ಮನೆಯಲ್ಲಿ ಫ್ಯಾನು ನಿಷಿದ್ಧ! ಬಿರುಬೇಸಗೆಯಲ್ಲಿ ಮದುವೆಗೆ ಕರೆಯಲು ಸವಳಂಗದಿಂದ ಬಂದ ಬೀಗರೊಬ್ಬರು, ಬೆವರು ತಾಳಲಾರದೆ, ತಾವೇ ತಂದ ಲಗ್ನಪತ್ರಿಕೆಯಿಂದ ಗಾಳಿ ಹಾಕಿಕೊಳ್ಳತೊಡಗಿದರು.

"ಅದ್ನೂ ನಿಲ್ಸ್ರೀ!" ಎಂದು ಹೆಲ್ಮೆಟ್ಟಿನೊಳಗಿಂದ ಗರ್ಜನೆ ಕೇಳಿಸಿತು.

ಅಂಥವರು ಕಡೆಗೆ ಬಯಲಿನ ಮೆಟ್ಟಿಲಿಗೆ ಕೈಯಿಟ್ಟದ್ದು ಯಾವಾಗ? ಆಷಾಢದಲ್ಲಿ! ಬೆಸುಗೆಗಳೆಲ್ಲ ಸೆಟ್ ದೋಸೆಯ ಮೈಯಂತೆ ತೂತುತೂತಾದವು. ಒಂದು ತೂತು ಕಂಡರೂ ಸಾಕು, ಕಂಬಿಗಳು ಸೇರುವ ಆ ಇಡೀ ಕೂಡನ್ನು ಕತ್ತರಿಸಿ ಮತ್ತೆ ಬೆಸೆಯುವರು. ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡಿದ್ದ ಅಕ್ಕನಿಗೆ ಸಾಕಾಗಿಹೋಯಿತು.

"ಡಾಕ್ಟ್ರು ನನ್ನ ಮೊಣಕಾಲು ಕೊಯ್ದಿದ್ದು ಒಂದೇ ಸಲ. ನೀವು ಈ ಕಂಬಿನ ಎಷ್ಟು ಸಲ ಕೊಯ್ತೀರಿ?"

"ನಾನು ಜೋತುಬಿದ್ರೂ ಅಲುಗಬಾರ್ದು. ಅಲ್ಲೀತನಕ ನೀನು ಒಂದು ಮೆಟ್ಲೂ ಹತ್ತಂಗಿಲ್ಲ!"

ಕೆಳಗಿನಿಂದ ಒಂದೊಂದೇ ಕೂಡು ಗಟ್ಟಿಯಾಗುತ್ತ ಮೇಲೇರಿತು. ಕೊನೆಯ ಕೂಡಿನ ದಿನ ನಾನು ನನ್ನೂರು ಚನ್ನಗಿರಿಯಿಂದ ಬಂದಿದ್ದೆ. ಗಾಳಿ ತಡೆಯಲು ಕಂಬಳಿಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಕೆಳಬದಿಯ ಗೂಟಕ್ಕೆ ಕಟ್ಟಿದರು. ಬೆಂಕಿಯ ಬೆಳಕು ಕಣ್ಣಿಗೆ ಬೀಳದಂತೆ ನಾನು ಗೋಡೆಯತ್ತ ತಿರುಗಿ ನಿಂತೆ. ಟಾರ್ಚು ಹೊತ್ತಿದ್ದೇ ತಡ, ಗೂಟದ ಗಂಟು ಬಿಚ್ಚಿ ಕಂಬಳಿ ಪಟಪಟನೆ ಬಡಿಯತೊಡಗಿತು.

"ಆ ಕಡೆ ತುದಿ ಯಾರಾದ್ರೂ ಹಿಡೀರಿ!" ಎಂದು ಷಡ್ಡಕರು ಕೂಗಿ, ಸ್ವಲ್ಪ ಹೊತ್ತು ಕೈ ತಡೆದರು. ಕಂಬಳಿ ನಿಶ್ಚಲವಾಯಿತು. ಮತ್ತೆ ಬೆಸುಗೆ ಹಿಡಿದು, ಆ ಕೂಡನ್ನು ಒಂದೇ ಉಸಿರಿಗೆ ಮುಗಿಸಿದರು.

ಹೆಲ್ಮೆಟ್ಟು ಎತ್ತಿ ಕಂಬಳಿಯ ಆ ತುದಿಯತ್ತ ನೋಡಿದರು. ನಾನೂ ತಿರುಗಿದೆ. ಎರಡು ಮೆಟ್ಟಿಲು ಕೆಳಗೆ ಅಕ್ಕ ನಿಂತಿದ್ದರು. ಮುಖ ಅತ್ತ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಒಂದು ಕೈಯಲ್ಲಿ ಕಂಬಳಿ, ಇನ್ನೊಂದು ಕೈಯಲ್ಲಿ ಕಂಬಿ.

"ನೀನು... ಹೆಂಗೆ ಬಂದೆ?"

"ಹೆಂಗೆ ಅಂದ್ರೆ? ನೀವು ಹಾಕಿದ್ದು ಹಿಡ್ಕಂಡು ಬಂದೆ. ಮುಗೀತಾ? ಮ್ಯಾಲೆ ಹೋಗ್ಬೇಕು ನಾನು."

"ತಡಿ, ಇನ್ನೂ ಬಿಸಿ ಐತೆ. ಆರ್ಲಿ" ಎಂದು ಷಡ್ಡಕರು ಕೈಗವಸು ಕಳಚಿ, ಇಳಿದುಬಂದು ಅಕ್ಕನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಳಿತರು. ಅಕ್ಕನೂ ಕಂಬಿ ಹಿಡಿದು ಮೆಲ್ಲನೆ ಕುಳಿತರು. ನಾನು ಕಂಬಳಿ ಮಡಚಿಕೊಂಡು ಕೆಳಗಿಳಿದೆ.

ಬೆಸುಗೆ ಯಾವಾಗಲೋ ಆರಿತು. ಅವರಿಬ್ಬರೂ ಏಳಲಿಲ್ಲ.