ಸೋಮವಾರ ಹೂಡದ ಮೋಟಾರು

ಮೋಟಾರು ಇಟ್ಟುಕೊಂಡವನ ಬಾಳಿನಲ್ಲಿ ನಗೆಪಾಟಲಿಗೆ ಬರಗಾಲವಿಲ್ಲ. ಅದರಲ್ಲೂ ಆ ಮೋಟಾರು ಬೇರೆಯವರು ಆಳಿ ಬಿಟ್ಟದ್ದಾದರೆ ವಾರಕ್ಕೊಂದು ಪ್ರಸಂಗ ತಾನಾಗಿ ಹುಟ್ಟಿಕೊಳ್ಳುತ್ತದೆ. ನಂಜನಗೂಡಿನಲ್ಲಿ ಬೆಲ್ಲದ ಮಂಡಿ ಇಟ್ಟು ಇಪ್ಪತ್ತು ವರ್ಷ ಮರ್ಯಾದೆಯಿಂದ ಬಾಳಿದವನು ನಾನು. ಮೋಟಾರು ಮನೆಗೆ ಬಂದ ಒಂದೇ ವರ್ಷದಲ್ಲಿ, ನನ್ನನ್ನು ಕಂಡರೆ ಬೆಲ್ಲದ ಧಾರಣೆ ಕೇಳುತ್ತಿದ್ದವರೆಲ್ಲ "ಇವತ್ತು ಎಲ್ಲಿ ನಿಂತಿತು?" ಎಂದು ಕೇಳತೊಡಗಿದರು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಆಡಿಕೊಂಡವರೂ ಉಂಟು. ಆದರೆ ನಾನು ಅದನ್ನು ತಂದದ್ದು ಜಂಬಕ್ಕಲ್ಲ, ಅವ್ವನಿಗೆ. ಅದಕ್ಕೆ ಆರು ವರ್ಷ ಮೊದಲು ಅವ್ವ ಹಿತ್ತಿಲ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಮೂಳೆ ಕೂಡಿಕೊಂಡಿತು, ಕುಲುಕಾಟ ತಡೆಯುವ ಶಕ್ತಿ ಮಾತ್ರ ತಿರುಗಿ ಬರಲಿಲ್ಲ. ಎತ್ತಿನ ಗಾಡಿ ಊರ ಬಾಗಿಲು ದಾಟುವಷ್ಟರಲ್ಲೇ ಕಣ್ಣೀರು ಹಾಕುತ್ತಿದ್ದಳು. ಅವಳಿಗಿದ್ದ ಒಬ್ಬಳೇ ಅಕ್ಕ, ನನ್ನ ದೊಡ್ಡವ್ವ, ತಿರುಮಕೂಡಲು ನರಸೀಪುರದಲ್ಲಿದ್ದಳು. ಗಾಡಿಯಲ್ಲಿ ಒಂದು ಹಗಲಿನ ದಾರಿ. ರೈಲು ಆ ಕಡೆಗೆ ಹೋಗುವುದಿಲ್ಲ, ಹರಿಗೋಲೆಂದರೆ ಅವ್ವನಿಗೆ ಪ್ರಾಣಭಯ. ಹೀಗಿರುವಾಗ ದೊಡ್ಡವ್ವನ ಎರಡೂ ಕಣ್ಣಿಗೆ ಪೊರೆ ಬರುತ್ತಿದೆಯೆಂದು ಕಾಗದ ಬಂತು.

"ಅವಳ ಕಣ್ಣು ಪೂರ್ತಾ ಮಬ್ಬಾಗೋದ್ರೊಳಗೆ ಒಂದ್ಸಲ ನನ್ನ ಮುಖ ತೋರಿಸಿ ಬರಬೇಕು ಕಣಪ್ಪ" ಎಂದಳು ಅವ್ವ.

ಮೋಟಾರಿನಲ್ಲಿ ಕುಲುಕಾಟವೇ ಇಲ್ಲವೆಂದು ಮೈಸೂರಿನಲ್ಲಿ ಯಾರೋ ಹೇಳಿದ್ದರು. ಹೇಳಿದವರು ನಮ್ಮ ರಸ್ತೆ ನೋಡಿದವರಲ್ಲ.

ವಸ್ತ್ರದ ಕೆಳಗೆ

ಹೊಸ ಮೋಟಾರು ಕೊಳ್ಳುವ ತಾಕತ್ತು ನನ್ನ ಬೆಲ್ಲಕ್ಕೆ ಇರಲಿಲ್ಲ. ಮೈಸೂರಿನ ಅರಸು ಮನೆತನದ ಹಿರಿಯರೊಬ್ಬರು ಹೊಸದನ್ನು ತರಿಸಿಕೊಂಡು ಹಳೆಯದನ್ನು ಮಾರುವವರಿದ್ದಾರೆಂದು ತಿಳಿದು ಹೋದೆ. ಏನು ಗಾತ್ರ, ಏನು ಗತ್ತು. ಕೊಡದಷ್ಟು ದೊಡ್ಡ ಹಿತ್ತಾಳೆ ದೀಪಗಳು, ಕೆಂಪು ಚರ್ಮದ ಮೆತ್ತೆ, ಹಿಸುಕಿದರೆ ಕೋಣನ ಹಾಗೆ ಕೂಗುವ ರಬ್ಬರು ಕೊಂಬು. ಜೊತೆಗೆ ನಮ್ಮ ಗಾಡಿಯಾಳನ್ನೂ ಕರೆದುಕೊಂಡು ಹೋಗಿದ್ದೆ. ಹದಿನೈದು ವರ್ಷ ನಮ್ಮ ಎತ್ತಿನ ಗಾಡಿ ಹೊಡೆದವನು. ಇನ್ನು ಮೇಲೆ ಮೋಟಾರನ್ನೂ ಅವನೇ ಹೊಡೆಯಬೇಕು. ಬೇರೊಬ್ಬ ಡ್ರೈವರಿಗೆ ಸಂಬಳ ಕೊಡುವವರು ಯಾರು?

ಅವನು ಎತ್ತು ನೋಡುವ ಕ್ರಮದಲ್ಲೇ ಮೋಟಾರು ನೋಡಿದ. ಮೂರು ಸುತ್ತು ಬಂದ. ಮುಂದಿನ ಮುಚ್ಚಳ ಎತ್ತಿಸಿ ಬಾಯಿ ನೋಡಿದ. ಮೈಮೇಲೆ ಸುಳಿ ಹುಡುಕಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಮೈಕಟ್ಟು ಸೆಂದಾಗದೆ ಬುದ್ದಿ. ಉಸ್ರು ಸರಿಗಿಲ್ಲ. ಬ್ಯಾಡ ಬುಡಿ" ಎಂದ.

"ಮೋಟಾರಿಗೆ ಉಸಿರೆಲ್ಲಿಂದ ಬಂತೋ? ಸುಮ್ಮನಿರು" ಎಂದೆ.

ಅರಸರು ಎಂಟುನೂರು ಎಂದರು. ಅಂಥವರ ಮುಂದೆ ಚೌಕಾಸಿ ಮಾಡುವುದು ಹೇಗೆ? ಗಾಡಿಯಾಳು ಮುಂದೆ ಬಂದು ಹೆಗಲ ವಸ್ತ್ರವನ್ನು ಕೈಮೇಲೆ ಹೊದಿಸಿಕೊಂಡು ಅದರ ಕೆಳಗಿಂದ ಕೈ ನೀಡಿದ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ತಿಳಿಸುತ್ತಾರೆ. ಎಷ್ಟು ಬೆರಳೋ ಅಷ್ಟು ನೂರು. ಅರಸರಿಗೆ ಇಂಗ್ಲಿಷರ ನಡವಳಿಕೆ ರೂಢಿ. ಇವನು ಮರ್ಯಾದೆಗೆ ಕೈ ಚಾಚಿದ್ದಾನೆಂದುಕೊಂಡು ಅವನ ಕೈಯನ್ನು ಪೂರ್ತಿ ಹಿಡಿದು ಕುಲುಕಿದರು.

"ಐದೂ ಬೆಳ್ಳು ಇಡುದ್ರು ಬುದ್ದಿ. ಐನೂರು. ಯಾಪಾರ ಮುಗೀತು" ಎಂದು ಗಾಡಿಯಾಳು ನನ್ನ ಕಡೆ ತಿರುಗಿ ಸಾರಿಬಿಟ್ಟ.

ಸಂಗತಿ ತಿಳಿದ ಮೇಲೆ ಅರಸರು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ನಿಮ್ಮ ಸಂತೆಯ ಕಾನೂನೇ ಆಗಲಿ ಎಂದು ಐನೂರಕ್ಕೇ ಕೊಟ್ಟರು. ಅವರ ಡ್ರೈವರು ಹತ್ತು ದಿನ ಹೊಡೆಯುವುದನ್ನು ಹೇಳಿಕೊಟ್ಟ. ಹನ್ನೊಂದನೆಯ ದಿನ ಗಾಡಿಯಾಳು ಹೊಡೆಯುತ್ತ, ನಾನು ಹಿಂದಿನ ಮೆತ್ತೆಯಲ್ಲಿ ಉಳಿದ ಮುನ್ನೂರನ್ನು ನೆನೆದು ಹಿಗ್ಗುತ್ತ ಊರಿಗೆ ಹೊರಟೆವು. ಚಿಕ್ಕಯ್ಯನಛತ್ರದ ಹತ್ತಿರ ಮೋಟಾರು ಎರಡು ಸಲ ಕೆಮ್ಮಿ, ಬುಸ್ಸೆಂದು ನಿಂತುಬಿಟ್ಟಿತು. ಗಾಡಿಯಾಳು ನನ್ನ ಮುಖ ನೋಡಲಿಲ್ಲ.

"ಉಸ್ರು" ಎಂದ, ಅಷ್ಟೆ.

ಅರ್ಧ ಸೇರು ಹಿಟ್ಟು

ನರಸೀಪುರಕ್ಕೆ ಹೊರಟ ಮೊದಲ ದಿನ ಅವ್ವ ಕೋಳಿ ಕೂಗುವ ಮೊದಲೇ ಸಿದ್ಧಳಾಗಿದ್ದಳು. ಅಕ್ಕನಿಗೆಂದು ಎಳ್ಳಿನ ಚಿಗಳಿ, ಹುರಿಗಾಳು, ಒಂದು ಸೀರೆ ತುಂಬಿದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮೆತ್ತೆಯಲ್ಲಿ ಕೂತಳು.

ಮೋಟಾರಿನ ಮುಂಭಾಗದಲ್ಲಿ ಒಂದು ನೀರಿನ ತೊಟ್ಟಿ ಇರುತ್ತದೆ. ಯಂತ್ರ ಕಾದು ಕೆಡದಂತೆ ಕಾಪಾಡುವುದು ಆ ನೀರೇ. ನಮ್ಮದು ಸೋರುತ್ತಿತ್ತು. ಹೊಸ ತೊಟ್ಟಿಗೆ ಬೊಂಬಾಯಿಗೆ ಬರೆಯಬೇಕು ಎಂದರು. ನಾನು ಬರೆಯಲಿಲ್ಲ. ಬಿರುಕು ಬಿಟ್ಟ ಮಡಕೆಗೆ ನಮ್ಮ ಮನೆಯ ಹೆಂಗಸರು ರಾಗಿ ಹಿಟ್ಟು ಮೆತ್ತುವುದನ್ನು ನೋಡಿದವನಲ್ಲವೇ, ಅರ್ಧ ಸೇರು ಹಿಟ್ಟನ್ನು ತೊಟ್ಟಿಯೊಳಕ್ಕೆ ಹಾಕಿಸಿದೆ. ಸೋರುವುದು ನಿಂತಿತು. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ನಾಲ್ಕು ಮೈಲಿ ಹೋಗುವಷ್ಟರಲ್ಲಿ ಹಬೆ ಎದ್ದಿತು. ಮುಚ್ಚಳ ಹಾರಿ, ಕೊತಕೊತ ಕುದಿಯುವ ಅಂಬಲಿ ಉಕ್ಕಿ ಬಂದು ಹಿತ್ತಾಳೆ ದೀಪಗಳ ಮೇಲೆಲ್ಲ ಹರಿಯಿತು. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಓಡಿ ಬಂದರು. ಅವರಲ್ಲಿ ಹಿರಿಯಳು ಮೂಗರಳಿಸಿ ವಾಸನೆ ಹಿಡಿದು ಅವ್ವನನ್ನು ಕೇಳಿದಳು: "ಇದೂ ಅಂಬ್ಲಿ ಕುಡ್ದೇ ಓಡಾದಾ ಅವ್ವ? ನಾನು ಇನ್ನೇನೋ ಅನ್ಕಂಡಿದ್ದಿ."

ಅವ್ವ ನಕ್ಕಳು. ಚೀಲ ಮಾತ್ರ ತೊಡೆಯ ಮೇಲೇ ಇತ್ತು. ಅದನ್ನು ಎರಡು ಕೈಯಿಂದ ಹಿಡಿದುಕೊಂಡೇ ನಕ್ಕಳು. ಅದನ್ನು ನೋಡಿ ನನಗೆ ನಗು ಬರಲಿಲ್ಲ. ಹಳ್ಳಿಯಿಂದ ಒಂದು ಜೊತೆ ಎತ್ತು ತರಿಸಿ, ಮೋಟಾರನ್ನು ಮೆಲ್ಲಗೆ ಎಳೆಸಿಕೊಂಡು ಮನೆಗೆ ತಿರುಗಿದೆವು. ದಾರಿಯುದ್ದಕ್ಕೂ ಯೋಚಿಸುತ್ತ ಬಂದ ಗಾಡಿಯಾಳು ಮನೆ ಬಾಗಿಲಲ್ಲಿ ಬಾಯಿ ಬಿಟ್ಟ.

"ತಪ್ಪು ನಮ್ದೇ ಬುದ್ದಿ. ಗಂಟು ಕಟ್ದಂಗೆ ಕದಡಿ ಉಯ್ಬೇಕಾಗಿತ್ತು."

ಬಸವನ ಬಿಡುವು

ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಶಿವನ ವಾರ, ಬಸವನಿಗೆ ಬಿಡುವು. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇವು ಹಾಕಿ ಬಿಟ್ಟುಬಿಡುತ್ತಾರೆ. ಒಂದು ಸೋಮವಾರ ಬೆಳಿಗ್ಗೆ ಮೋಟಾರು ಈಚೆಗೆ ತೆಗೆ ಎಂದರೆ, ಗಾಡಿಯಾಳು ಅದರ ಮೈ ತೊಳೆದು, ಎರಡು ದೀಪಗಳ ನಡುವೆ ಮೂರು ಬೆರಳು ವಿಭೂತಿ ಎಳೆದು ನಿಲ್ಲಿಸಿದ್ದ.

"ಇವತ್ತು ಊಡಾಕಿಲ್ಲ ಬುದ್ದಿ."

"ಕಬ್ಬಿಣ ಕಣೋ ಇದು. ಇದಕ್ಕೇನು ಆಯಾಸ?"

"ವಾರೆಲ್ಲ ನಮ್ಮನ್ನ ಒತ್ಕಂಡು ತಿರುಗ್ತದಲ್ಲ. ದುಡಿಯಾದು ಅಂದ್ರೆ ಇನ್ನೇನು ಬುದ್ದಿ?"

ವಾರವೆಲ್ಲ ನಾವೇ ಇದನ್ನು ಹೊತ್ತು ತಿರುಗಿದ್ದೇವೆ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಒಳಗಿನಿಂದ ಅವ್ವ, "ಅವನು ಹೇಳೋದು ಸರಿ. ಬಿಡು" ಎಂದಳು.

ಜಗಲಿಯ ಮೇಲೆ ಕೂತು ಆ ವಿಭೂತಿಯನ್ನೇ ನೋಡಿದೆ. ಕಬ್ಬಿಣಕ್ಕೂ ದಣಿವಾಗುತ್ತದೆಂದು ಇವನು ನೆನೆಯುತ್ತಾನೆ. ನನ್ನ ಮಂಡಿಯಲ್ಲಿ ಬೆಲ್ಲದ ಮೂಟೆ ಹೊರುವ ಆಳುಗಳಿಗೆ ನಾನು ಒಂದು ದಿನವೂ ಬಿಡುವು ಕೊಟ್ಟವನಲ್ಲ. ಈ ಯೋಚನೆ ಹಿತವಾಗಿರಲಿಲ್ಲ. ಮುಂದಿನ ವಾರದಿಂದ ಮಂಡಿಗೂ ಸೋಮವಾರ ಬಿಡುವು ಮಾಡಿದೆ. ಜಿಪುಣನಾದ್ದರಿಂದ ಅರ್ಧ ದಿನ. ಮೋಟಾರಿಗೆ ಮಾತ್ರ ಇಡೀ ದಿನ. ಒಂದನ್ನು ಒಪ್ಪಲೇಬೇಕು. ವಾರದಲ್ಲಿ ಅದು ಎಲ್ಲೂ ಕೆಟ್ಟು ನಿಲ್ಲದ ದಿನವೆಂದರೆ ಸೋಮವಾರ ಒಂದೇ.

ಮನೆಯ ಮಾಲು

ತೊಟ್ಟಿಗೆ ಕಂಚುಗಾರನಿಂದ ಬೆಸುಗೆ ಹಾಕಿಸಿದ ಮೇಲೆ, ಅವ್ವನನ್ನು ಕೂರಿಸುವ ಮೊದಲು ಒಂದು ಸಲ ಪರೀಕ್ಷೆ ಆಗಲೆಂದು ಆಲೆಮನೆ ನೋಡುವ ನೆವದಲ್ಲಿ ಕವಲಂದೆಯ ಕಡೆ ಹೊರಟೆ. ದಾರಿಯಲ್ಲಿ ಒಂದು ಟೈರು ಢಮ್ಮೆಂದಿತು. ಹೊಸ ಟೈರಿನ ಬೆಲೆಗೆ ಒಂದು ಕರು ಬರುತ್ತದೆ. ರಸ್ತೆಯ ಪಕ್ಕದಲ್ಲಿ ಒಂದು ಹುಲ್ಲಿನ ಬಣವೆ ಇತ್ತು, ಹತ್ತಿರದಲ್ಲಿ ಯಾರೂ ಇರಲಿಲ್ಲ. ನಾಲ್ಕು ಹಿಡಿ ಹುಲ್ಲು ಎಳೆದು, ಟೈರಿನೊಳಗೆ ಗಿಡಿದು, ಹರಿದ ಕಡೆ ತೆಂಗಿನ ಹಗ್ಗ ಸುತ್ತಿದೆವು. ಮೋಟಾರು ಕುಂಟುತ್ತ ಕವಲಂದೆ ಮುಟ್ಟಿತು.

ಪರಿಚಯದವರ ಮನೆಯಲ್ಲಿ ಊಟ ಮಾಡಿ ಹೊರಗೆ ಬಂದರೆ, ಮೋಟಾರು ಒಂದು ಕಡೆ ವಾಲಿತ್ತು. ಒಂದು ಬಿಳಿ ಎತ್ತು ಹಗ್ಗದ ಸಂದಿಯಿಂದ ಎಳೆ ಎಳೆಯಾಗಿ ಹುಲ್ಲು ಎಳೆದುಕೊಂಡು, ಕಣ್ಣು ಅರೆಮುಚ್ಚಿ ಮೆಲ್ಲುತ್ತಿತ್ತು. ಟೈರು ಬರಿದಾಗಿತ್ತು. ಎತ್ತಿನ ಯಜಮಾನನನ್ನು ಕರೆಸಿ, "ಏನಯ್ಯ, ನಿನ್ನ ಎತ್ತು ನನ್ನ ಚಕ್ರ ತಿಂದಿದೆ" ಎಂದು ಜೋರು ಮಾಡಿದೆ.

ಅವನು ಉಳಿದ ಹುಲ್ಲನ್ನು ಬೆರಳಲ್ಲಿ ತಿಕ್ಕಿ ನೋಡಿದ. "ರಸ್ತೆ ಪಕ್ಕದ್ ಬಣವೇದಾ ಸ್ವಾಮಿ?" ಎಂದ.

ನಾನು ಬಗ್ಗಿ ಹಗ್ಗದ ಗಂಟು ಬಿಗಿಯತೊಡಗಿದೆ.

"ಅದು ನಂದೇಯ. ಪಾಪ, ಅದ್ರದೇನು ತಪ್ಪು ಸ್ವಾಮಿ? ಮನೆ ಮಾಲ ಮನೆಗ್ ತಂದದೆ."

ಎಳೆದವರು

ಹೀಗೆ ವರ್ಷ ತುಂಬುತ್ತ ಬಂತು. ಚೀಲದೊಳಗಿನ ಚಿಗಳಿಯನ್ನು ಅವ್ವ ನಾಲ್ಕು ಸಲ ಹೊಸದಾಗಿ ಕಟ್ಟಿದ್ದಳು. ಒಂದು ಬೆಳಿಗ್ಗೆ ಕಾಗದ ಬಂತು: ದೊಡ್ಡವ್ವನ ಬಲಗಣ್ಣು ಹೋಯಿತು, ಎಡಗಣ್ಣಿಗೂ ಮಂಜು ಕವಿಯುತ್ತಿದೆ. ಅವ್ವ ಚೀಲ ಕೈಗೆತ್ತಿಕೊಂಡಳು. ಅಂದು ಸೋಮವಾರ.

ಗಾಡಿಯಾಳು ಅವ್ವನ ಮುಖ ನೋಡಿದ, ವಿಭೂತಿ ಹಚ್ಚಿದ ಮೋಟಾರಿನ ಮುಖ ನೋಡಿದ. "ನಂಜುಂಡೇಶ್ವರನಿಗೆ ನಾನು ತಪ್ಪುಕಾಣಿಕೆ ತೆಗೆದಿಟ್ಟಿದೀನಿ. ಹೊರಡಪ್ಪ" ಎಂದಳು ಅವ್ವ. ಅವನು ತಾನೂ ಮೂರು ಕಾಸು ಎತ್ತಿಟ್ಟು, ದೀಪಗಳಿಗೆ ಕೈ ಮುಗಿದು, ಯಂತ್ರ ಎಬ್ಬಿಸುವ ಹಿಡಿ ತಿರುಗಿಸಿದ. ಮೋಟಾರು ಒಂದೇ ಸಲಕ್ಕೆ ಎದ್ದಿತು. ಅಂಥ ಓಟವನ್ನು ಅದು ಎಂದೂ ಓಡಿರಲಿಲ್ಲ. ಆದರೆ ರಸ್ತೆ ನಮ್ಮದೇ. ಹಳ್ಳ ಬಂದಾಗಲೆಲ್ಲ ಅವ್ವ ಹಲ್ಲು ಕಚ್ಚಿ ನನ್ನ ತೋಳು ಹಿಡಿಯುತ್ತಿದ್ದಳು. ನಿಲ್ಲಿಸು ಎಂದು ಒಂದು ಸಲವೂ ಹೇಳಲಿಲ್ಲ.

ನರಸೀಪುರ ಇನ್ನೊಂದು ಮೈಲಿ ಇದೆ ಎನ್ನುವಾಗ ಒಂದು ಹಳ್ಳಿಯ ಬಾಗಿಲಲ್ಲಿ ಉಸಿರು ನಿಂತಿತು. ಎಷ್ಟು ತಿರುಗಿಸಿದರೂ ಏಳಲಿಲ್ಲ. ಅರಳಿಕಟ್ಟೆಯ ಮೇಲೆ ಕೂತಿದ್ದ ಗಂಡಸರ ಹತ್ತಿರ ಹೋಗಿ ಎರಡು ಜೊತೆ ಎತ್ತು ಕೇಳಿದೆ.

ಅವರಲ್ಲಿ ಒಬ್ಬ ಮುದುಕ ತಲೆಯಾಡಿಸಿದ. "ಸೋಮ್ವಾರ ಕಣಿ ಸ್ವಾಮಿ. ಎತ್ತಿನ್ ಹೆಗಲ ಮ್ಯಾಲೆ ನೊಗ ಮಡಗಾಕಿಲ್ಲ."

ನಾನು ಅವ್ವನ ಕಥೆ ಹೇಳಿದೆ. ಸೊಂಟ, ಅಕ್ಕ, ಕಣ್ಣು, ಎಲ್ಲ ಹೇಳಿದೆ. ಮುದುಕ ಎದ್ದು ಬಂದು ಮೋಟಾರಿನೊಳಗೆ ಇಣುಕಿ, ಅವ್ವನನ್ನೂ ಅವಳ ಚೀಲವನ್ನೂ ನೋಡಿದ. ಆಮೇಲೆ ಕಟ್ಟೆಯ ಕಡೆ ತಿರುಗಿ ಹೇಳಿದ: "ಏಳ್ರಲಾ. ಬಿಡುವು ಇರಾದು ಎತ್ಗೆ, ನಿಮಗಲ್ಲ."

ಇಪ್ಪತ್ತು ಜನ ಹಗ್ಗ ಕಟ್ಟಿ ಎಳೆದರು. ಇಬ್ಬರು ಮುಂದೆ ನಡೆದು ದಾರಿಯ ಕಲ್ಲು ಹೆಕ್ಕಿದರು. ಹಳ್ಳ ಕಂಡರೆ ನಿಂತು, ಚಕ್ರವನ್ನು ಕೈಯಿಂದ ಇಳಿಸಿ ಹತ್ತಿಸಿದರು. ಆ ಒಂದು ಮೈಲಿಯಲ್ಲಿ ಅವ್ವ ನನ್ನ ತೋಳು ಹಿಡಿಯಲೇ ಇಲ್ಲ. ಮೆತ್ತೆಗೊರಗಿ ಕೂತು, ಎಳೆಯುವವರೆಲ್ಲರ ಮನೆಯ ಸುಖದುಃಖ ವಿಚಾರಿಸುತ್ತ ಬಂದಳು. ನಾನು ಐನೂರು ಕೊಟ್ಟು ಹುಡುಕಿದ್ದು ಈ ಸವಾರಿಯನ್ನೇ.

ದೊಡ್ಡವ್ವ ಬಾಗಿಲಲ್ಲೇ ಕೂತಿದ್ದಳು. ಗದ್ದಲ ಕೇಳಿ ಗೋಡೆ ಹಿಡಿದುಕೊಂಡು ಬಂದಳು. ಅವ್ವನನ್ನು ಇಳಿಸಲು ಮಂಚ ತರಲು ಹೊರಟರೆ, "ಅವಳನ್ನ ಅಲುಗಿಸಬ್ಯಾಡಿ" ಎಂದು ತಾನೇ ಮೋಟಾರು ಹತ್ತಿ ಕೂತಳು. ಅವ್ವನ ಮುಖವನ್ನು ಎರಡು ಕೈಯಲ್ಲಿ ಹಿಡಿದು ಎಡಗಣ್ಣಿನ ಹತ್ತಿರಕ್ಕೆ ಎಳೆದುಕೊಂಡು ಬಹಳ ಹೊತ್ತು ನೋಡಿದಳು.

"ನೀನೂ ಮುದುಕಿ ಆಗ್ಬಿಟ್ಯಲ್ಲೇ" ಎಂದಳು.

ಇಬ್ಬರೂ ಅತ್ತರು, ಆಮೇಲೆ ನಕ್ಕರು. "ನಾನೇ ಗಾಡಿ ಕಟ್ಟಿಸ್ಕಂಡು ಬರೋಕೆ ಹೊರಟಿದ್ದೆ ಕಣೆ, ಹೋದ ವರ್ಷವೇ. ಅಷ್ಟರಲ್ಲಿ ನಿನ್ನ ಮಗ ಮೋಟಾರು ತಂದ ಅಂದ್ರು. ಇವತ್ತು ಬತ್ತಾರೆ, ನಾಳೆ ಬತ್ತಾರೆ, ನೀವು ಬಂದಾಗ ನಾನು ಮನೇಲಿ ಇಲ್ದಿದ್ರೆ ಹೆಂಗೆ ಅಂತ ಬಾಗಿಲು ಬಿಟ್ಟು ಕದಲಲಿಲ್ಲ."

ಇವರಿಬ್ಬರನ್ನೂ ಒಂದು ವರ್ಷ ದೂರ ಇಟ್ಟದ್ದು ನನ್ನ ಮೋಟಾರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಗಾಡಿಯಾಳು ಮಾತ್ರ ದಿಕ್ಕು ತಿರುಗಿಸುವ ಚಕ್ರ ಹಿಡಿದು ಮುಂದೆ ನೋಡುತ್ತ ಕೂತೇ ಇದ್ದ.

ಅಕ್ಕತಂಗಿಯರು ಇಳಿಯಲಿಲ್ಲ. ಊಟದ ತಟ್ಟೆ ಅಲ್ಲಿಗೇ ಬಂತು, ಎಲೆಯಡಿಕೆಯ ತಟ್ಟೆಯೂ ಬಂತು. ಕಟ್ಟಿದ ಚಿಗಳಿ ಖಾಲಿಯಾಯಿತು. ಏಳು ವರ್ಷದ ಮಾತನ್ನು ದನ ಮನೆಗೆ ಬರುವ ಹೊತ್ತಿನವರೆಗೂ ಆಡಿದರು. ಕೊನೆಗೆ ದೊಡ್ಡವ್ವ ಸೊಸೆಯ ಹೆಗಲು ಹಿಡಿದು ಇಳಿದಾಗ, ಎದುರು ಮನೆಯಾಕೆ ಕೇಳಿದಳು: "ಹೆಂಗಿತ್ತವ್ವ ಮೋಟಾರು?"

ದೊಡ್ಡವ್ವ ನನ್ನ ಕಡೆಗೊಮ್ಮೆ ನೋಡಿ ಹೇಳಿದಳು: "ಏನು ಹೇಳಲೇ ತಾಯಿ. ಮಧ್ಯಾಹ್ನದಿಂದ ಕೂತಿದೀನಿ, ಒಂಚೂರೂ ಕುಲುಕಲಿಲ್ಲ."