ಗಾಡಿಯೇ ಬಾರದ ದಾರಿಯಲ್ಲಿ ಹುರುಳಿ ಒಕ್ಕಣೆ

ನಂಜನಗೂಡಿನಿಂದ ತಿ. ನರಸೀಪುರದ ಸಂಗಮದವರೆಗೆ, ಒಂದೇ ಒಂದು ಗಾಡಿ ಎದುರಾಗದ ಹಾಗೆ, ಸೈಕಲ್ಲಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದು ನಾನು ಮಾತು ಕೊಟ್ಟದ್ದು ಕುರ್ಚಿಯ ಮೇಲೆ ಕೂತುಕೊಂಡು. ಕುರ್ಚಿಯ ಮೇಲೆ ಕೂತವನಿಗೆ ಯಾವ ಊರೂ ದೂರವಲ್ಲ.

ಮಾತು ಕೊಟ್ಟದ್ದು ಮೈಸೂರಿನ ಶಾಲಿನಿ ಮೇಡಂಗೆ. ಪೇಟೆಯ ಜನರನ್ನು ಭಾನುವಾರ ಸೈಕಲ್ ಮೇಲೆ ಕೂರಿಸಿ ಹಳ್ಳಿ ತೋರಿಸುವುದು ಅವರ ವ್ಯಾಪಾರ. 'ಕಪಿಲಾ ನದಿಯ ಐತಿಹಾಸಿಕ ಕಣಿವೆ'ಗೆ ಅವರಿಗೊಬ್ಬ ಖಾಯಂ ಗೈಡ್ ಬೇಕಾಗಿತ್ತು. ಹುಟ್ಟಿದಾಗಿನಿಂದ ಇಲ್ಲೇ ಇದ್ದರೂ ಇದು ಕಣಿವೆ ಎಂದು ನನಗೆ ತಿಳಿದದ್ದು ಆವತ್ತೇ. ನಾವೆಲ್ಲ ಇದನ್ನು 'ಹೊಳೆ ಕಡೆ' ಎನ್ನುತ್ತಿದ್ದೆವು. ಆದರೂ ಕಣಿವೆಯ ಮೂಲೆ ಮೂಲೆಯೂ ಗೊತ್ತು ಎಂದೆ.

"ರೂಟ್ ನೀವೇ ರೈಡ್ ಮಾಡಿದೀರಾ?"

"ಪೂರ್ತಿ, ಮೇಡಂ."

ಪೂರ್ತಿ ಎಂದರೆ ಅರ್ಧ. ಅದೂ ಗೆಳೆಯನ ಬೈಕಿನ ಹಿಂದಿನ ಸೀಟಿನಲ್ಲಿ, ಕಣ್ಣಿಗೆ ದೂಳು ಹೋಗಿ ಮುಚ್ಚಿಕೊಂಡಿದ್ದಾಗ. ಉಳಿದರ್ಧವನ್ನು ಫೋನಿನ ನಕ್ಷೆಯಲ್ಲಿ ಬೆರಳಿನಿಂದ ಕ್ರಮಿಸಿದ್ದೆ. ನಾಲೆಯ ಏರಿ ಮೇಲೊಂದು ದಾರಿ ತೆಳ್ಳಗೆ ಗೆರೆ ಎಳೆದಂತೆ ನರಸೀಪುರದ ಕಡೆಗೆ ಹೋಗಿತ್ತು. ಬೆರಳಿಗೆ ಎಲ್ಲೂ ಒಂದು ಕಲ್ಲೂ ತಗುಲಲಿಲ್ಲ.

ಈ ಕೆಲಸ ಸಿಗಲೇಬೇಕಾಗಿತ್ತು. ನಾನಿರುವುದು ಅಕ್ಕನ ಮನೆಯಲ್ಲಿ. ನನ್ನ ಕಸುಬು ಏನೆಂದು ಯಾರಾದರೂ ಕೇಳಿದರೆ ಅಕ್ಕ, "ಎಲ್ಲರ ಥರ ಮಾತಾಡ್ತಾನೆ" ಎನ್ನುತ್ತಾಳೆ. ನಿಜವೇ. ಬಸ್ ಕಂಡಕ್ಟರ್, ಬ್ಯಾಂಕ್ ಮ್ಯಾನೇಜರ್, ಹಾಲಿನ ಡೈರಿ ಸೆಕ್ರೆಟರಿ, ಯಾರ ದನಿ ಬೇಕಾದರೂ ತೆಗೆಯುತ್ತೇನೆ. ಸ್ವಂತ ದನಿಯಲ್ಲಿ ಸಂಪಾದನೆ ಮಾತ್ರ ಇಲ್ಲ. ಅಕ್ಕ ಕಡೆಯ ಗಡುವು ಕೊಟ್ಟಿದ್ದಳು. "ಭಾನುವಾರ ನಿನ್ ಸೈಕಲ್ ಆಟ ಮುಗಿಸ್ಕೋ. ಆ ಮೇಡಂ ಹೂಂ ಅಂದ್ರೆ ಸರಿ. ಇಲ್ಲಾಂದ್ರೆ ಸೋಮವಾರ ಎಂಟು ಗಂಟೆಗೆ ಫ್ಯಾಕ್ಟರಿ ಪ್ಯಾಕಿಂಗ್ ಸೆಕ್ಷನ್. ಸೂಪರ್‌ವೈಸರ್ ಹತ್ರ ಮಾತಾಡಿದೀನಿ."

ಜೊತೆಗೆ ಭಾವನನ್ನೂ ಕಟ್ಟಿದಳು. ಭಾವ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಯಾವ ತಾಲ್ಲೂಕು ಎಂದು ಹೇಳುವುದಿಲ್ಲ, ಪಾಪ, ಅವನಿಗಿನ್ನೂ ಸರ್ವಿಸ್ ಇದೆ. ದಿನಕ್ಕೆ ಇಪ್ಪತ್ತು ಮಾತು ಆಡುವ ಮನುಷ್ಯ, ಅದರಲ್ಲಿ ಹದಿನೈದು "ನಾಳೆ ಬನ್ನಿ" ಎಂಬುದಕ್ಕೇ ಖರ್ಚು. ಅವನ ತಂದೆಯ ಕಾಲದ ಕರಿ ಸೈಕಲ್ಲೊಂದನ್ನು ಅಟ್ಟದಿಂದ ಇಳಿಸಿ ಎಣ್ಣೆ ಬಿಟ್ಟ. ಅದರ ತೂಕಕ್ಕೆ ಅದನ್ನು ಓಡಿಸುವುದಕ್ಕಿಂತ ಅದರ ಮೇಲೆ ಮನೆ ಕಟ್ಟುವುದು ಸುಲಭ.

ಬೆಳಿಗ್ಗೆ ಆರೂವರೆಗೆ ಹೊರಟೆವು. ಮೇಡಂ ಸೈಕಲ್ಲಿಗೆ ಇಪ್ಪತ್ತೊಂದು ಗೇರು. ನನ್ನದಕ್ಕೆ ಒಂದು. ಭಾವನದಕ್ಕೆ ಬೆಲ್ಲೂ ಇರಲಿಲ್ಲ.

ಮೊದಲ ಒಂದು ಗಂಟೆ ನನ್ನ ಜೀವನದ ಅತ್ಯುತ್ತಮ ಕಾಲ. ಎಡಗಡೆ ನಾಲೆ, ಬಲಗಡೆ ಗದ್ದೆ, ಹೊಳೆ ಮೇಲೆ ಮಂಜು. ಕಂಡ ಕಲ್ಲಿಗೆಲ್ಲ ಒಂದೊಂದು ಇತಿಹಾಸ ಹೇಳಿದೆ. ಒಂದು ಪಾಳುಬಿದ್ದ ಕಟ್ಟಡ ತೋರಿಸಿ, "ಇದು ಗಂಗರ ಕಾಲದ ಮಂಟಪ, ರಾಜರು ವಿಹಾರಕ್ಕೆ ಬಂದಾಗ ತಂಗುತ್ತಿದ್ದರು" ಎಂದೆ. ಮೇಡಂ ಫೋಟೋ ತೆಗೆದರು. ಆಗ ಭಾವ ಆ ದಿನದ ಮೊದಲ ಮಾತು ಆಡಿದ.

"ಪಂಪ್‌ಹೌಸು. ನಮ್ ಫೈಲಲ್ಲಿದೆ."

ನಾನು ವೇಗ ಹೆಚ್ಚಿಸಿದೆ.

ಸ್ವಲ್ಪ ದೂರದಲ್ಲಿ ಎದುರಿಗೆ ಕುರಿ ಮಂದೆ. ಇನ್ನೂರೋ ಮುನ್ನೂರೋ, ಅವಸರವಿಲ್ಲದ ಕುರಿಗಳು. ಸೈಕಲ್ ಹಿಡಿದುಕೊಂಡು ನಾಲೆಯ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತೆವು.

"ಟ್ರಾಫಿಕ್ಕೇ ಇರಲ್ಲ ಅಂದ್ರಿ?"

"ಕುರಿಗೆ ನಂಬರ್ ಪ್ಲೇಟ್ ಇರಲ್ಲವಲ್ಲ ಮೇಡಂ."

ಅದಾದ ಮೇಲೆ ತೂಬಿನ ಹತ್ತಿರ ಏರಿ ಕುಸಿದಿತ್ತು. ಮೂರು ಸೈಕಲ್ಲನ್ನೂ ಹೊತ್ತು ಕೆಸರಿನಲ್ಲಿ ದಾಟಿಸಿದೆವು. ಮೇಡಂ ಸೈಕಲ್ಲು ಎರಡು ಬೆರಳಿಗೆ ಬಂತು. ಭಾವನದಕ್ಕೆ ಮೂವರೂ ಸೇರಬೇಕಾಯಿತು. ನಕ್ಷೆಯಲ್ಲಿ ಈ ಜಾಗ ತುಂಬ ನುಣ್ಣಗಿತ್ತು.

ಬಿಸಿಲು ಏರಿತು. ಸೀಟಿನ ಸಂಗತಿ ಸಭ್ಯರ ಮುಂದೆ ಹೇಳುವಂಥದ್ದಲ್ಲ. ಮೇಡಂ ಹಿಂದೆ ಬಿದ್ದರೆಂದುಕೊಂಡು, ಭಾವನನ್ನು ಹುರಿದುಂಬಿಸಲು, ಅವರು ನನ್ನನ್ನು ಹೆಸರು ಹಿಡಿದು ಕರೆಯುವ ದನಿ ತೆಗೆದೆ. "ಶಿವೂ, ಹೈಡ್ರೇಟ್ ಆಗಿ, ಶಿವೂ. ಫೀಲ್ ದ ವ್ಯಾಲಿ, ಶಿವೂ." ಭಾವ ನಗದೆ ನನ್ನ ಹೆಗಲಿನಾಚೆ ನೋಡುತ್ತಿದ್ದ. ತಿರುಗಿದರೆ ಮೇಡಂ, ಇಪ್ಪತ್ತೊಂದು ಗೇರಿನೊಂದಿಗೆ, ಸದ್ದೇ ಇಲ್ಲದೆ, ಪಕ್ಕದಲ್ಲೇ.

"ನಾನು ಅಷ್ಟು ಮೂಗಲ್ಲಿ ಮಾತಾಡ್ತೀನಾ?" ಎಂದರು.

ಕೆಲಸ ಅಲ್ಲಿಗೇ ಅರ್ಧ ಹೋಯಿತು. ಉಳಿದರ್ಧವನ್ನು ಕಳೆಯಲು ನನಗೆ ಇನ್ನೂ ಹದಿನೈದು ನಿಮಿಷ ಬೇಕಾಯಿತು.

ಏರಿ ದಾರಿ ಒಂದು ಊರ ಹತ್ತಿರ ಡಾಂಬರು ರಸ್ತೆಯಾಗುತ್ತದೆ. ಊರಿನ ಹೆಸರು ಬರೆಯುವ ಧೈರ್ಯ ನನಗಿಲ್ಲ. ಆ ರಸ್ತೆಯ ಮೇಲೆ ಈ ತುದಿಯಿಂದ ಆ ತುದಿಗೆ, ಮೊಳಕಾಲೆತ್ತರಕ್ಕೆ, ಒಣಗಿದ ಹುರುಳಿ ಗಿಡ ಹರಡಿದ್ದರು. ನಮ್ಮ ಕಡೆ ಇದು ಮಾಮೂಲು. ಬೆಳೆ ಕಿತ್ತು ರಸ್ತೆಗೆ ಹರಡಿದರೆ, ಹೋಗಿ ಬರುವ ಬಸ್ಸು ಲಾರಿಗಳೇ ತುಳಿದು ಕಾಳು ಉದುರಿಸಿಕೊಡುತ್ತವೆ. ಆದರೆ ಗಾಡಿಯೇ ಓಡಾಡದ ರಸ್ತೆಗೆ ಯಾಕೆ ಹರಡಿದ್ದಾರೆ? ಬುದ್ಧಿ ಇದ್ದವನು ಅದನ್ನು ಮೊದಲು ಕೇಳಬೇಕು.

ಹೊಂಗೆ ಮರದ ನೆರಳಿನಲ್ಲಿ ಒಬ್ಬ ಅಜ್ಜಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಪುಟ್ಟಮಾದಮ್ಮ ಎಂದು ಆಮೇಲೆ ಗೊತ್ತಾಯಿತು. ಸುತ್ತ ನಾಲ್ಕೈದು ಹೆಂಗಸರು. ಮೇಡಂ ಮುಂದೆ ಹೋದ ಮಾನ ವಾಪಸು ತರಲು ಇದೇ ಸಮಯ ಎನ್ನಿಸಿತು. ತಹಸೀಲ್ದಾರರ ದನಿ ತೆಗೆದೆ.

"ಏನಮ್ಮಾ ಇದು? ಸಾರ್ವಜನಿಕ ರಸ್ತೆ. ಬೇಗ ಎತ್ತಿ, ದಾರಿ ಬಿಡಿ. ಇವರು ಯಾರು ಗೊತ್ತಾ? ನಮ್ಮ ಭಾವ. ತಾಲ್ಲೂಕು ಆಫೀಸು."

ಭಾವ ಕಣ್ಣು ಮುಚ್ಚಿಕೊಂಡ.

ಅಜ್ಜಿ ಬಾಯಲ್ಲಿದ್ದದ್ದನ್ನು ಉಗಿದು, ಸೊಂಟ ಹಿಡಿದುಕೊಂಡು ನಿಧಾನವಾಗಿ ಎದ್ದರು. "ತಾಲ್ಲೂಕಾಪೀಸಾ? ಬಾ ಸಾ. ನಿಮ್ಮನ್ನೇ ಕಾಯ್ತಾ ಇದ್ದೊ."

ವಿಷಯ ಇಷ್ಟು. ದೊಡ್ಡ ರಸ್ತೆಯಲ್ಲಿ ಒಕ್ಕಣೆ ಮಾಡಬಾರದು, ಬೈಕುಗಳು ಜಾರಿ ಬೀಳುತ್ತವೆ ಎಂದು ಹದಿನೈದು ದಿನದ ಹಿಂದೆ ಕಚೇರಿಯಿಂದ ಬೋರ್ಡು ಹಾಕಿಸಿದ್ದರು. ಜನ ಮರ್ಯಾದೆಯಿಂದ ಹುರುಳಿ ಹೊತ್ತುಕೊಂಡು ಈ ರಸ್ತೆಗೆ ಬಂದಿದ್ದರು. ಇಲ್ಲಿ ಹರಡಿ ಮೂರು ದಿನವಾಗಿತ್ತು. ಒಂದು ಗಾಡಿಯೂ ಬಂದಿರಲಿಲ್ಲ.

"ಬಸ್ಸು ಓಡಾಡೋ ರಸ್ತೇಲಿ ಆಕ್ಬೇಡಿ ಅಂದ್ರಿ. ಸರಿ, ಇಲ್ಲಿಗ್ ಬಂದೊ. ಇಲ್ಲಿ ನಾಯೂ ಬರಕಿಲ್ಲ. ಎತ್ತು ಮಾರಿ ಎಂಟೊರ್ಸಾಯ್ತು. ಟ್ಯಾಕ್ಟ್ರು ಕಬ್ಬಿಗೋಗದೆ. ಬಡಿಯಾಕೆ ನನ್ ರಟ್ಟೇಲಿ ಸಕ್ತಿ ಇಲ್ಲ. ಈಗ ಉಳ್ಳಿ ಒಕ್ಕೋರ್ಯಾರು ಸಾ?"

ಭಾವ ಮೆಲ್ಲಗೆ ಹೇಳಿದ. "ಆರ್ಡರ್ ನಾನು ಮಾಡಿದ್ದಲ್ಲಮ್ಮ. ಟೈಪ್ ಮಾಡಿದ್ದು ಅಷ್ಟೇ."

"ಟೈಪ್ ಮಾಡುದ್ದು ಕೈ ತಾನೆ? ಕೈಗೇನೂ ಏಳ್ತಿಲ್ಲ ಕಣಪ್ಪ. ಕಾಲಾಡ್ಸು. ಅತ್ತು ಸೈಕಲ್ಲು."

ಭಾವ ಮೇಡಂ ಮುಖ ನೋಡಿದ, ನನ್ನ ಮುಖ ನೋಡಿದ, ಸೈಕಲ್ ಹತ್ತಿದ. ಸರ್ಕಾರಿ ನೌಕರನೊಬ್ಬ ಅರ್ಜಿ ಕೊಟ್ಟ ದಿನವೇ ಕೆಲಸ ಮಾಡಿಕೊಟ್ಟದ್ದನ್ನು ನಾನು ಕಣ್ಣಾರೆ ಕಂಡೆ.

ನಾನು ತಪ್ಪಿಸಿಕೊಳ್ಳಲು ನೋಡಿದೆ. "ಅಜ್ಜಿ, ನಮ್ಗೆ ನರಸೀಪುರಕ್ಕೆ ಲೇಟಾಗ್ತದೆ."

"ನರಸೀಪುರ ಎಲ್ಗೋದದ್ಲಾ? ಅಲ್ಲೇ ಇರ್ತದೆ. ತುಳಿ."

ಮೂವರೂ ತುಳಿದೆವು. ಅರಳಿಕಟ್ಟೆಯಿಂದ ಹೊಂಗೆ ಮರಕ್ಕೆ, ಹೊಂಗೆ ಮರದಿಂದ ಅರಳಿಕಟ್ಟೆಗೆ. ಒಣಹುಲ್ಲಿನ ರಾಶಿಯ ಮೇಲೆ ಸೈಕಲ್ ಓಡಿಸಿದ್ದೀರಾ? ಚಕ್ರ ಮುಂದೆ ಹೋಗುವುದಿಲ್ಲ, ಕೆಳಗೆ ಹೋಗುತ್ತದೆ. ನಾಲ್ಕನೇ ಸುತ್ತಿಗೆ ಮೇಡಂ ಸೈಕಲ್ಲಿನ ಇಪ್ಪತ್ತೊಂದು ಗೇರಿಗೂ ಹುರುಳಿ ಬಳ್ಳಿ ಸುತ್ತಿಕೊಂಡು, ಟಕ್ ಎಂದು ಏನೋ ಮುರಿಯಿತು. ಮೇಡಂ ಇಳಿದರು. ಹೆಂಗಸರು ಅವರನ್ನು ನೆರಳಿಗೆ ಕರೆದು, ತಲೆಗೆ ಸೆರಗು ಹೊದಿಸಿ, ಮೊರ ಕೊಟ್ಟು ಕೇರುವುದು ಕಲಿಸಲು ಕೂತರು.

ಉಳಿದವರು ನಾವಿಬ್ಬರು. ಭಾವನ ಕರಿ ಸೈಕಲ್ಲು, ದೇವರ ಆಣೆ, ಅದೇ ಕೆಲಸಕ್ಕೆ ಹುಟ್ಟಿದ ಹಾಗೆ ಓಡಿತು. ಅದರ ತೂಕಕ್ಕೆ ಹುರುಳಿ ತಾನಾಗೇ ಶರಣಾಗುತ್ತಿತ್ತು. ನನ್ನದರ ಕೆಳಗೆ ಗಿಡಗಳು ಮಲಗಿ, ನಾನು ಹೋದ ಮೇಲೆ ಎದ್ದು ಕೂರುತ್ತಿದ್ದವು. ಹನ್ನೆರಡನೇ ಸುತ್ತಿಗೆ ಕಾಲು ನನ್ನದಲ್ಲ ಎನ್ನಿಸಿತು. ಆಯಾಸ ಮರೆಯಲು ಟ್ರ್ಯಾಕ್ಟರಿನ ಸದ್ದು ಮಾಡಿದೆ, ಬಸ್ಸಿನ ಹಾರ್ನು ಹೊಡೆದೆ, ಕಂಡಕ್ಟರನಾಗಿ ನರಸೀಪುರ ನರಸೀಪುರ ಎಂದು ಕೂಗಿದೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ.

"ಸದ್ದು ಟ್ಯಾಕ್ಟ್ರುದು, ಕೆಲ್ಸ ಸೊಳ್ಳೇದು" ಎಂದರು. "ಅಲ್ನೋಡ್ಲಾ ನಿಮ್ ಭಾವುನ್ನ. ಬಾಯಿ ಮುಚ್ಕೊಂಡು ತುಳೀತಾವ್ನೆ."

ಆ ಮಾತಿಗೆ ಉತ್ತರ ಹೇಳಲು ತಿರುಗಿದೆ. ಅಷ್ಟಕ್ಕೇ ಮುಂದಿನ ಚಕ್ರ ಜಾರಿತು. ಹುರುಳಿ ಮೇಲೆ ಬಿದ್ದರೆ ನೋವಾಗುವುದಿಲ್ಲ. ಏಳಲು ಮಾತ್ರ ಆಗುವುದಿಲ್ಲ. ಕೆಳಗಿನ ಕಾಳೆಲ್ಲ ಉರುಳುತ್ತದೆ. ಮೂರು ಸಲ ಎದ್ದು ಮೂರು ಸಲ ಬಿದ್ದೆ. ಬಿದ್ದ ಜಾಗದಲ್ಲಿ ಕಾಳು ಚೆನ್ನಾಗಿ ಉದುರಿದೆ ಎಂದು ಒಬ್ಬ ಹೆಂಗಸು ಅಜ್ಜಿಗೆ ವರದಿ ಮಾಡಿದಳು. ಇನ್ನೆರಡು ಸಲ ಬೀಳಲು ಹೇಳಲೇ ಎಂದು ಅಜ್ಜಿ ಯೋಚಿಸುತ್ತಿದ್ದಂತೆ ನನಗೆ ಕಂಡಿತು.

ಎರಡು ಗಂಟೆ ತುಳಿದ ಮೇಲೆ ಊಟ. ರಾಗಿಮುದ್ದೆ, ಹುರುಳಿ ಸಾರು. ಮೇಡಂ ಎರಡನೇ ಸಲ ಸಾರು ಹಾಕಿಸಿಕೊಂಡರು. ನಾನು ಅದರ ಮುಖ ನೋಡಲಾರದೆ ಬರೀ ಮುದ್ದೆ ನುಂಗಿದೆ.

ಆಗ ಕೇಳಿಸಿತು, ಗಾಡಿಯ ಸದ್ದು. ಎಲ್ಲರೂ ನನ್ನನ್ನು ನೋಡಿದರು. ನಾನಲ್ಲ ಎಂದು ತುಂಬಿದ ಬಾಯಿ ತೋರಿಸಿದೆ. ನಿಜವಾದ ಗಾಡಿ! ಪಕ್ಕದ ಊರಿನಲ್ಲಿ ಗೊಬ್ಬರ ಇಳಿಸಿ ನರಸೀಪುರಕ್ಕೆ ವಾಪಸು ಹೊರಟಿದ್ದ ಒಂದು ಗೂಡ್ಸ್ ಆಟೋ. ನಮ್ಮ ಸೈಕಲ್ಲುಗಳ ಸಮೇತ ಕರೆದೊಯ್ಯಲು ಡ್ರೈವರ್ ಒಪ್ಪಿದ. ಅಜ್ಜಿ ಒಪ್ಪಲಿಲ್ಲ.

"ಮೊದ್ಲು ಮೂರು ಸುತ್ತು ಒಡ್ದು ಓಗು ಮಗಾ."

ಆಟೋ ಮೂರು ಸುತ್ತು ಹೊಡೆಯಿತು. ಐದೇ ನಿಮಿಷ. ನಾವು ಎರಡು ಗಂಟೆ ತುಳಿದು ಉದುರಿಸಿದ್ದಕ್ಕಿಂತ ಹೆಚ್ಚು ಕಾಳು ಉದುರಿತು. ಹೆಂಗಸರು ನಮ್ಮ ಕಡೆ ತಿರುಗಿಯೂ ನೋಡದೆ ಮೊರ ಎತ್ತಿಕೊಂಡು ಅತ್ತ ಓಡಿದರು. ಅದೇ ಹೆಚ್ಚು ನೋವಾಯಿತು.

ಹೀಗೆ ನಾನು ಗಾಡಿಯೇ ಇಲ್ಲದ ದಾರಿಯಲ್ಲಿ, ಗಾಡಿಯ ಹಿಂದೆ, ಗೊಬ್ಬರದ ಖಾಲಿ ಚೀಲದ ಮೇಲೆ ಕೂತು ಸಂಗಮ ಸೇರಿದೆ. ಕಾವೇರಿ ಕಪಿಲೆ ಕೂಡುವುದನ್ನು ವರ್ಣಿಸಲು ಒಂದು ವಾರ ಬಾಯಿಪಾಠ ಮಾಡಿದ್ದೆ. "ಮೇಡಂ, ಅದು ಕಾವೇರಿ, ಇದು ಕಪಿಲೆ" ಎಂದೆ. ಅದಕ್ಕಿಂತ ಮುಂದೆ ಮಾತು ಬರಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಕೂರುವುದೂ ಸುಖವಿರಲಿಲ್ಲ. ಎದ್ದು ನಿಂತೆ.

ಮೇಡಂ ಕಾಲು ನೀರಿಗಿಟ್ಟುಕೊಂಡು ಖುಷಿಯಾಗಿದ್ದರು. ನನಗೆ ಆಸೆ ಚಿಗುರಿತು.

"ಇಷ್ಟ ಆಯ್ತಾ ಮೇಡಂ?"

"ತುಂಬಾ. ಹಿಂಗೊಂದು ಎಕ್ಸ್‌ಪೀರಿಯನ್ಸ್ ಎಲ್ಲೂ ಸಿಗಲ್ಲ. ಅಜ್ಜಿ ಹತ್ರ ಮಾತಾಡ್ಬಿಟ್ಟೆ. ಮುಂದಿನ ಭಾನುವಾರದಿಂದ ಗೆಸ್ಟ್ ಕರ್ಕೊಂಡು ಬರ್ತೀನಿ. ಸೈಕಲಲ್ಲಿ ಒಕ್ಕಣೆ, ಆಮೇಲೆ ಮುದ್ದೆ ಊಟ."

"ಹಾಗಾದ್ರೆ ನಾನು?"

ಮೇಡಂ ಮೃದುವಾಗಿಯೇ ಹೇಳಿದರು. "ನೋಡಿ ಶಿವು, ಮೈಸೂರಿಂದ ವ್ಯಾನಲ್ಲಿ ನೇರವಾಗಿ ಅಜ್ಜಿ ಹತ್ರ ಬರ್ತೀವಿ. ಹೊಂಗೆ ಮರದಿಂದ ಅರಳಿಕಟ್ಟೆಗೆ, ಅರಳಿಕಟ್ಟೆಯಿಂದ ಹೊಂಗೆ ಮರಕ್ಕೆ. ಅದಕ್ಕೆ ಗೈಡ್ ಯಾಕೆ?"

ನಾನು ಭಾವನ ಕಡೆ ನೋಡಿದೆ, ಒಂದು ಮಾತಾದರೂ ನನ್ನ ಪರವಾಗಿ ಆಡಲಿ ಎಂದು. ಅವನ ದಿನದ ಇಪ್ಪತ್ತು ಮಾತಿನಲ್ಲಿ ಇನ್ನೂ ಕೆಲವು ಬಾಕಿ ಇರಬೇಕಿತ್ತು. ಅವನು ಕರಿ ಸೈಕಲ್ಲು ತಳ್ಳಿಕೊಂಡು ಮೆಟ್ಟಿಲ ಹತ್ತಿರ ಬಂದು, "ಬಸ್ಸಿದೆ, ಬಾ" ಎಂದ.

ಸೋಮವಾರ ಎಂಟು ಗಂಟೆಗೆ, ಗೋಡೆ ಗೋಡೆ ಹಿಡಿದುಕೊಂಡು, ಪ್ಯಾಕಿಂಗ್ ಸೆಕ್ಷನ್ನಿಗೆ ಹೋದೆ. ಸೂಪರ್‌ವೈಸರ್ ಕೂರಲು ಹೇಳಿದರು. ನಿಂತೇ ಇರುತ್ತೇನೆ ಎಂದೆ. ಶ್ರದ್ಧೆಯ ಹುಡುಗ ಎಂದುಕೊಂಡರು. ಹಿಂದಿನ ಅನುಭವ ಏನಿದೆ ಎಂದು ಕೇಳಿದರು.

"ಎಲ್ಲಿಗೂ ಹೋಗದೆ ಒಂದೇ ಜಾಗದಲ್ಲಿ ಎರಡು ಗಂಟೆ ದುಡಿದಿದ್ದೇನೆ ಸಾರ್" ಎಂದೆ.

ತಕ್ಷಣ ಸೇರಿಸಿಕೊಂಡರು.