ಕಾಲಲ್ಲಿ ಬರೆದ ಅಕ್ಷರ

ನನ್ನ ಕಾಲಲ್ಲಿ ಚಕ್ರ ಇದೆ ಎಂದು ಮನೆಯವರ ನಂಬಿಕೆ. ಚಕ್ರ ಇದ್ದ ಮೇಲೆ ಪಂಕ್ಚರೂ ಇದ್ದದ್ದೇ, ಎಲ್ಲಿ ಆಗುತ್ತದೆ ಎನ್ನುವುದು ಮಾತ್ರ ನಮ್ಮ ಕೈಲಿಲ್ಲ. ಪರದೇಶದ ಹಿಮದ ಮೇಲೆ ನೆಟ್ಟಗೆ ನಡೆದವಳು, ಬೈರಕೂರಿನಲ್ಲಿ ಸೋದರತ್ತೆಯ ಮನೆಯಂಗಳದಲ್ಲಿ ಮಾವಿನ ವಾಟೆ ತುಳಿದು ಬಿದ್ದೆ. ಕಾಲು ಉಳುಕಿತು. ಮುಂದಿನ ತಿಂಗಳು ಲಡಾಖಿಗೆ ಟಿಕೆಟ್ ಆಗಿತ್ತು.

"ಒಂಟಿ ಕಾಲಲ್ಲಿ ನಿಂತು ತೋರಿಸಿ. ಬೆಟ್ಟದ ಮಾತು ಆಮೇಲೆ" ಎಂದರು ಮುಳಬಾಗಿಲಿನ ಫಿಸಿಯೋ ಡಾಕ್ಟರಮ್ಮ.

ಚೀಲ

ಕ್ಲಿನಿಕ್ಕಿನ ಬೆಂಚಿನ ಮೇಲೆ ಪಕ್ಕದಲ್ಲಿದ್ದ ಅಜ್ಜಿ ತೆಲುಗಿನಲ್ಲಿ ವಿಚಾರಿಸಿದರು, "ಚೀಲಮಂಡ ನೊಪ್ಪಾ ಅಮ್ಮಾ?"

ತೆಲುಗಿನ ಚೀಲಮಂಡ ಎಂದರೆ ಕಾಲಿನ ಗಿಣ್ಣು, ನೊಪ್ಪಿ ಎಂದರೆ ನೋವು. ಮಾಲೂರಿನಲ್ಲಿ ಬೆಳೆದ, ತೆಲುಗು ಬಾರದ ನನಗೆ ಕೇಳಿಸಿದ್ದು ಚೀಲ ಮಾತ್ರ.

"ಇಲ್ಲಜ್ಜಿ, ಮನೇಲೇ ಬಿಟ್ಟು ಬಂದೆ" ಎಂದೆ.

ಅಜ್ಜಿ ನನ್ನ ಊದಿದ ಕಾಲು ನೋಡಿದರು, ಮುಖ ನೋಡಿದರು, ಒಳಗಡೆಗೆ ಕೂಗಿ ಹೇಳಿದರು: "ಈಯಮ್ಮನ್ನ ಮೊದ್ಲು ಕರೀರಿ. ತಲೆಗೂ ಪೆಟ್ಟು ಬಿದ್ದಿದೆ."

ಅಕ್ಷರಾಭ್ಯಾಸ

ಹೆಬ್ಬೆರಳಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಬೇಕು, ಗಿಣ್ಣು ಎಲ್ಲ ಕಡೆ ತಿರುಗುತ್ತದೆ ಎಂದರು ಡಾಕ್ಟರಮ್ಮ. ಮನೆಯಲ್ಲಿ ಶುರುಮಾಡಿದೆ.

"ಏನೇ ಅದು?" ಎಂದರು ಅತ್ತೆ.

"ಅಕ್ಷರ ಬರೀತಿದೀನಿ."

"ಕಾಲಲ್ಲಾ?" ಅತ್ತೆ ಮೊರ ಕೆಳಗಿಟ್ಟರು. "ಪುಸ್ತಕಕ್ಕೆ ಕಾಲು ತಗುಲಿದ್ರೆ ಕಣ್ಣಿಗೊತ್ತಿಕೊಳ್ಳೋ ಮನೆ ಇದು. ಸರಸ್ವತಿ ಕಣೇ."

"ಡಾಕ್ಟ್ರು ಹೇಳಿದ್ದು ಅತ್ತೆ."

ಅತ್ತೆ ಮೊರ ಮತ್ತೆ ಎತ್ತಿಕೊಂಡರು. "ಇಂಗ್ಲಿಷಲ್ಲಿ ಬರಿ. ಅದನ್ನ ಬೂಟು ಹಾಕ್ಕೊಂಡೇ ಕಲಿಯೋದು."

ಡಾಕ್ಟರಮ್ಮನಿಗೆ ವರದಿ ಒಪ್ಪಿಸಿದೆ. ಅವರು ತಲೆ ಆಡಿಸಿದರು: "ಇಂಗ್ಲಿಷ್ ಸಾಲದು. ಐ, ಎಲ್ ಬರೆದ್ರೆ ಏನು ತಿರುಗುತ್ತೆ? ನಿಮಗೆ ಋ ಬೇಕು."

ಅಂದಿನಿಂದ ಕಂಬಳಿಯೊಳಗೆ ಕದ್ದು ಋ ಬರೆದೆ. "ಒಳಗೇನೇ ಅದು ಓಡಾಡ್ತಿರೋದು, ಇಲಿನಾ?" ಎಂದರು ಅತ್ತೆ. ಹೂಂ ಎಂದೆ. ಸಂಜೆಗೆ ಪಕ್ಕದ ಮನೆಯ ಬೆಕ್ಕು ನನ್ನ ಹಾಸಿಗೆಯ ಮೇಲಿತ್ತು.

ಹರಕೆ

ಋ ಕೈಬಿಡಲಿಲ್ಲ. ಹೊರಡುವ ವಾರ ಕ್ಲಿನಿಕ್ಕಿನಲ್ಲಿ ಒಂಟಿ ಕಾಲಲ್ಲಿ ಕೊಕ್ಕರೆಯ ಹಾಗೆ ನಿಂತೆ. "ಹೋಗ್ಬನ್ನಿ" ಎಂದರು ಡಾಕ್ಟರಮ್ಮ. ಮನೆಗೆ ಬಂದು ಅತ್ತೆಯ ಮುಂದೆಯೂ ನಿಂತು ತೋರಿಸಿದೆ.

"ನಡೀರಿ ಅತ್ತೆ, ಕುರುಡುಮಲೆ ಗಣಪನಿಗೆ ಒಂದು ಕಾಯಿ ಒಡೆಸಿ ಬರೋಣ."

"ನಾನು ಆಗಲೇ ಒಡೆಸಿದೀನಿ."

"ಯಾವಾಗ?"

"ನೀನು ಬಿದ್ದ ಮಾರನೇ ದಿನ."

"ಬೇಗ ವಾಸಿಯಾಗಲಿ ಅಂತಾನಾ?"

"ಅಲ್ಲ. 'ಇವಳು ಒಂದು ತಿಂಗಳು ಕಣ್ಮುಂದೆ ಇರೋ ಹಾಗೆ ಮಾಡಪ್ಪಾ' ಅಂತ ಯುಗಾದಿಗೆ ಹರಕೆ ಹೊತ್ತಿದ್ದೆ. ಮಾಡಿದ, ಒಡೆಸಿದೆ."

ನಾನು ಇನ್ನೂ ಒಂಟಿ ಕಾಲಲ್ಲೇ ನಿಂತಿದ್ದೆ. ಅತ್ತೆ ಆ ಕಾಲನ್ನು ಒಂದು ಸಲ ನೋಡಿ, ಬೆಳ್ಳುಳ್ಳಿ ಸುಲಿಯಲು ಕೂತರು.

"ತಪ್ಪು ನಂದೇ" ಎಂದರು. "ಒಂದು ವರ್ಷ ಅಂತ ಕೇಳ್ಬೇಕಿತ್ತು."